ಡ್ಯಾಮಿನಲ್ಲಿ ಹೂಳು ತುಂಬಿದೆ, ಕಡಲ ದಂಡೆಗೆ ಮಣ್ಣೇ ಹೋಗುತ್ತಿಲ್ಲ: ಎರಡೂ ಹೇಗೆ ನಿಜ?

ಹೊಳೆಸಾಲು (ಹಾವೇರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಗಳಗನಾಥದ ಹತ್ತಿರ, ತುಂಗಭದ್ರೆಯ ದಂಡೆಗೇ ಇದೆ. ವರದಾ ಬಂದು ದೊಡ್ಡ ಹೊಳೆಗೆ ಕೂಡುವ ಜಾಗ. ಬಹಳ ದಿನದಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ತಿಳಿದವರು ಬಿಡಿಸಿ ಹೇಳಿ.

ನಮ್ಮ ಭಾವ ಭತ್ತ ಕೊಯ್ಯುವ ಮಷಿನ್ ಜೊತೆ ಪ್ರತಿ ವರ್ಷ ಆಂಧ್ರಕ್ಕೆ ಹೋಗುತ್ತಾರೆ. ಈ ಸಲ ಕೃಷ್ಣಾ ನದಿ ಸಮುದ್ರ ಸೇರುವ ಕಡೆ, ನಾಗಾಯಲಂಕದ ಆಸುಪಾಸು ಕೆಲಸ ಸಿಕ್ಕಿತ್ತು. ಅಲ್ಲಿಯ ಮೀನುಗಾರರು ಇವರನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಿ, ಮೊದಲು ದಂಡೆ ಎಲ್ಲಿತ್ತು, ಈಗ ಎಲ್ಲಿಗೆ ಬಂದಿದೆ ಎಂದು ತೋರಿಸಿದರಂತೆ. ಹೊಳೆ ಮಣ್ಣು ತರುವುದು ನಿಂತಿದೆ, ಅದಕ್ಕೇ ಕಡಲು ನೆಲ ತಿನ್ನುತ್ತಿದೆ ಎಂದರಂತೆ.

ನಾವು ಇಲ್ಲಿ ದಿನಾ ಓದುವುದು ಇದಕ್ಕೆ ಉಲ್ಟಾ. ತುಂಗಭದ್ರಾ ಡ್ಯಾಮು ಹೂಳಿನಿಂದ ತುಂಬಿದೆ, ನೀರು ಹಿಡಿಯಲು ಜಾಗ ಇಲ್ಲ ಎಂದು. ನಮ್ಮ ಹೊಳೆಯೇ ಮುಂದೆ ಕೃಷ್ಣೆಯನ್ನು ಸೇರುವುದು, ಅಲ್ವಾ? ಮಣ್ಣು ಅಷ್ಟು ಜಾಸ್ತಿ ಬರುತ್ತಿದ್ದರೆ ಅಲ್ಲಿ ಯಾಕೆ ಇಲ್ಲ?

ಇನ್ನೊಂದು ಮಾತು. ಮೃಗಶಿರಾ ಮಳೆಗೆ ಹೊಸ ನೀರು ಬಂತೆಂದರೆ ಹೊಳೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನೆರೆ ಇಳಿದ ಮೇಲೆ ದಂಡೆಯ ಮೇಲೆ ಗೋಡು ಮಣ್ಣು ಕೂತಿರುತ್ತಿತ್ತು. ಅದರಲ್ಲಿ ಸೌತೆ, ಬದನೆ ಹಾಕುತ್ತಿದ್ದರು. ಗೊಬ್ಬರ ಬೇಕಿರಲಿಲ್ಲ. ಈಗ ಅದೇ ದಂಡೆ ಕಡಿದು ಎರಡಾಳು ಆಳ ಆಗಿದೆ. ನೀರಿಗೆ ಇಳಿಯಲು ಎಮ್ಮೆಗಳೂ ಹೆದರುತ್ತವೆ.

ಸಾಧನಕೇರಿ ಸಂಜೆ (ಧಾರವಾಡ)

ಬಹಳ ಒಳ್ಳೆಯ ಪ್ರಶ್ನೆ. ನಾನು ಕಾಲೇಜಿನಲ್ಲಿ ಭೂಗೋಳ ಕಲಿಸಿದವನು. ನಿಮ್ಮ ಭಾವನೂ ಸರಿ, ಪೇಪರೂ ಸರಿ. ಎರಡೂ ಕಡೆ ಮಾತಾಡುತ್ತಿರುವುದು ಒಂದೇ ಮಣ್ಣಿನ ಬಗ್ಗೆ.

ಹರಿಯುವ ನೀರಿಗೆ ಮಣ್ಣು ಹೊರುವ ಶಕ್ತಿ ಇರುತ್ತದೆ. ದಪ್ಪ ಉಸುಕು ತಳದಲ್ಲಿ ಉರುಳುತ್ತಾ, ಪುಟಿಯುತ್ತಾ ಹೋಗುತ್ತದೆ. ಸಣ್ಣ ಮಣ್ಣು ನೀರಿನಲ್ಲೇ ತೇಲಿಕೊಂಡು ಸಾಗುತ್ತದೆ. ನೀರು ನಿಂತರೆ ಈ ಶಕ್ತಿ ಹೋಯಿತು. ಮೊದಲು ಉಸುಕು ಕೂರುತ್ತದೆ, ಆಮೇಲೆ ಗೋಡು, ಕೊನೆಗೆ ಜೇಡಿ. ಕೊಡದಲ್ಲಿ ರಾಡಿ ನೀರು ತಂದಿಟ್ಟರೆ ಬೆಳಗಾಗುವುದರೊಳಗೆ ತಳದಲ್ಲಿ ಮಣ್ಣು ಕೂತಿರುತ್ತದಲ್ಲ, ಅದೇ ಕೆಲಸ. ಅಣೆಕಟ್ಟು ಅಂಥದ್ದೊಂದು ದೊಡ್ಡ ಕೊಡ.

ಈಗ ವರದೆಯ ಒಂದು ಹಿಡಿ ಮಣ್ಣು ಗಳಗನಾಥದಿಂದ ಕಡಲಿಗೆ ಹೊರಟಿತು ಎಂದುಕೊಳ್ಳಿ. ದಾರಿಯಲ್ಲಿ ಮೊದಲು ಹಮ್ಮಿಗಿಯ ಸಿಂಗಟಾಲೂರು ಬ್ಯಾರೇಜು. ಆಮೇಲೆ ತುಂಗಭದ್ರಾ ಜಲಾಶಯ. ಅದನ್ನು ದಾಟಿದರೆ ರಾಜೋಳಿಬಂಡಾ, ಸುಂಕೇಸುಲ. ಕರ್ನೂಲಿನ ಮುಂದೆ ಕೃಷ್ಣೆಯನ್ನು ಕೂಡುವ ಹೊತ್ತಿಗೆ ಶ್ರೀಶೈಲದ ಹಿನ್ನೀರು ಎದುರಾಗುತ್ತದೆ. ನಂತರ ನಾಗಾರ್ಜುನ ಸಾಗರ, ಪುಲಿಚಿಂತಲ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜು. ಎಂಟು ಕಡೆ ನಿಲ್ಲಬೇಕು. ಬ್ಯಾರೇಜುಗಳು ನೆರೆ ಬಂದಾಗ ಗೇಟು ತೆಗೆದು ಸ್ವಲ್ಪ ಬಿಟ್ಟಾವು. ದೊಡ್ಡ ಜಲಾಶಯಗಳು ಬಹುಪಾಲನ್ನು ಬಿಡುವುದಿಲ್ಲ.

ಗುರುತು ಅಂಕಿಗಳಲ್ಲೇ ಇದೆ. ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. 2016ರ ಸರ್ವೆಯ ಪ್ರಕಾರ 105.788. ಶ್ರೀಶೈಲ 308 ಟಿಎಂಸಿ ಇದ್ದದ್ದು 215ರ ಹತ್ತಿರ ಬಂದಿದೆ. ನಾಗಾರ್ಜುನ ಸಾಗರ 408ರಿಂದ 312ಕ್ಕೆ. ಈ ಮೂರರಲ್ಲಿ ಕೂತ ಮಣ್ಣು ಡೆಲ್ಟಾಕ್ಕೆ, ಅಂದರೆ ಹೊಳೆ ಕಡಲು ಸೇರುವಲ್ಲಿ ಮಣ್ಣು ಕೂತು ಆದ ನೆಲಕ್ಕೆ, ತಲುಪಬೇಕಿದ್ದ ಮಣ್ಣು.

ಬೆಟಗೇರಿ ಲೆಕ್ಕ (ಗದಗ)

ಮೇಲಿನ ಅಂಕಿ ನೋಡಿ ಸುಮ್ನೆ ಕೂರಲು ಆಗಲಿಲ್ಲ. ಲೆಕ್ಕ ಮಾಡಿದೆ.

ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ತುಂಗಭದ್ರೆಯಲ್ಲಿ ಹೋದ ಜಾಗ ಸುಮಾರು 27 ಟಿಎಂಸಿ. ಅಂದರೆ 76 ಕೋಟಿ ಘನ ಮೀಟರ್ ಹೂಳು. ಹತ್ತು ಘನ ಮೀಟರ್ ಹಿಡಿಯುವ ದೊಡ್ಡ ಟಿಪ್ಪರಿನಲ್ಲಿ ತುಂಬಿದರೆ ಏಳೂವರೆ ಕೋಟಿಗಿಂತ ಜಾಸ್ತಿ ಟಿಪ್ಪರ್ ಬೇಕು. 63 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 12 ಲಕ್ಷ ಟಿಪ್ಪರ್. ದಿನಕ್ಕೆ 3,300.

ಹೂಳು ಎತ್ತಿಬಿಡಿ ಎಂದು ಸಭೆಗಳಲ್ಲಿ ಹೇಳುವವರು ಒಮ್ಮೆ ಈ ಲೆಕ್ಕ ಮಾಡಲಿ. ಹಳೆಯದನ್ನು ಬಿಡಿ, ಹೊಸದಾಗಿ ಬಂದು ಬೀಳುವುದನ್ನು ಮಾತ್ರ ಎತ್ತಬೇಕು ಎಂದರೂ ದಿನಕ್ಕೆ 3,300 ಟಿಪ್ಪರ್, ವರ್ಷದ 365 ದಿನ, ಹಬ್ಬ ಹುಣ್ಣಿಮೆಗೂ ರಜೆ ಇಲ್ಲ. ಎತ್ತಿದ್ದನ್ನು ಎಲ್ಲಿ ಸುರಿಯುವುದು?

ಹೊಸಪೇಟೆ ನೆಂಟ (ಈಗ ಹುಬ್ಬಳ್ಳಿ)

ಒಂದು ಅನುಮಾನ. 2008ರ ಸರ್ವೆಯಲ್ಲಿ 100.855 ಟಿಎಂಸಿ ಎಂದಿತ್ತು. 2016ರಲ್ಲಿ 105.788 ಎಂದರೆ ಜಾಗ ಹೆಚ್ಚಾಯಿತೇ? ಹೂಳು ತಾನಾಗಿ ಎದ್ದು ಹೋಗಿದೆಯೇ?

ಬೆಟಗೇರಿ ಲೆಕ್ಕ (ಗದಗ)

ಹೋಗಿರಲು ಸಾಧ್ಯವಿಲ್ಲ. ಅಳೆಯುವ ವಿಧಾನ ಬೇರೆ ಬೇರೆ ಆದಾಗ ಅಷ್ಟು ವ್ಯತ್ಯಾಸ ಬರುತ್ತದೆ. ಸಾವಿರಾರು ಎಕರೆ ನೀರಿನ ತಳ ಅಳೆಯುವಾಗ ಒಂದು ಗೇಣು ಆಚೀಚೆ ಆದರೂ ಟಿಎಂಸಿ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ನನ್ನ 3,300ನ್ನೂ ಒಂದು ಅಂದಾಜು ಎಂದೇ ಹಿಡಿಯಿರಿ. 3,000 ಇರಬಹುದು, 4,000 ಇರಬಹುದು.

ಎರೆಹೊಲ (ನವಲಗುಂದ)

ನನಗೆ ಈ ಚರ್ಚೆ ಓದಿ ಸ್ವಲ್ಪ ಕಸಿವಿಸಿ ಆಯಿತು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಒಂದು ಜೋರು ಮಳೆ ಬಿದ್ದರೆ ಮಣ್ಣು ಅಂಬಲಿಯಂತೆ ಹರಿದು ಬೆಣ್ಣಿಹಳ್ಳಕ್ಕೆ ಹೋಗುತ್ತದೆ. ಅಲ್ಲಿಂದ ಮಲಪ್ರಭೆಗೆ. ಅದನ್ನು ತಡೆಯಲು ನಮ್ಮ ತಂದೆ ಜೀವಮಾನ ಇಡೀ ಒಡ್ಡು ಹಾಕಿದರು. ಮುಂಬಯಿ ಸರ್ಕಾರದ ಕಾಲದಿಂದ ಈ ಭಾಗದಲ್ಲಿ ಒಡ್ಡು ಹಾಕುವ ಕೆಲಸ ನಡೆದಿದೆ. ಅದಕ್ಕಾಗಿ 1942ರಲ್ಲಿ ಒಂದು ಕಾಯ್ದೆಯೇ ಬಂದಿತ್ತು. ನಂತರ ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಸುಜಲ ಜಲಾನಯನ ಯೋಜನೆ ಬಂತು. ಕೃಷಿ ಭಾಗ್ಯದಲ್ಲಿ ನಾನೂ ಹೊಂಡ ತೋಡಿಸಿದ್ದೇನೆ. ಪ್ರತಿ ವರ್ಷ ಅದರ ತಳದಲ್ಲಿ ಕೂತ ಗೋಡನ್ನು ಎತ್ತಿ ಮತ್ತೆ ಹೊಲಕ್ಕೇ ಹರಡುತ್ತೇನೆ.

ಈಗ ನೀವು ಹೊಳೆಯಲ್ಲಿ ಮಣ್ಣು ಕಡಿಮೆಯಾದದ್ದೇ ತೊಂದರೆ ಎನ್ನುತ್ತಿದ್ದೀರಿ. ಹಾಗಾದರೆ ನಾನು ಒಡ್ಡು ಹಾಕಿದ್ದು ತಪ್ಪೇ? ಕಡಲ ದಂಡೆಯವರಿಗಾಗಿ ನನ್ನ ಹೊಲ ಹರಿದು ಹೋಗಲಿ ಎಂದು ಬಿಡಬೇಕೇ?

ಸಾಧನಕೇರಿ ಸಂಜೆ (ಧಾರವಾಡ)

ಎರೆಹೊಲ ಅವರೇ, ಖಂಡಿತ ಬಿಡಬಾರದು. ನೀವು ಮಾಡಿದ್ದು ಸರಿ. ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರ ಕೊಡಬೇಕು. ಈ ವಿಷಯದಲ್ಲಿ ಜನ ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ.

ಹೊಳೆಯಲ್ಲಿ ಮಣ್ಣು ಕಡಿಮೆ ಆಗುವುದಕ್ಕೆ ಕಾರಣ ಒಂದೇ ಅಲ್ಲ. ಹೊಲದಲ್ಲೇ ಮಣ್ಣು ನಿಂತರೂ ಹೊಳೆಯಲ್ಲಿ ಕಡಿಮೆ ಆಗುತ್ತದೆ. ಡ್ಯಾಮಿನಲ್ಲಿ ಸಿಕ್ಕಿಕೊಂಡರೂ ಆಗುತ್ತದೆ. ಹೊಳೆಯ ತಳದಿಂದಲೇ ಉಸುಕು ಎತ್ತಿದರೂ ಆಗುತ್ತದೆ. ಹೊಳೆಯ ನೀರೇ ಕಾಲುವೆಗಳ ಪಾಲಾದರೆ ಮಣ್ಣು ಹೊರಲು ನೀರೇ ಉಳಿಯುವುದಿಲ್ಲ. 2001ರಿಂದ 2004ರವರೆಗಿನ ಬರದಲ್ಲಿ ಪ್ರಕಾಶಂ ಬ್ಯಾರೇಜಿನ ಕೆಳಗೆ ಕೃಷ್ಣೆ ಹರಿದದ್ದೇ ಅಪರೂಪ. ಅಳತೆಯ ಪಟ್ಟಿಯಲ್ಲಿ ಈ ಎಲ್ಲವೂ ಕಡಿಮೆ ಎಂಬ ಒಂದೇ ಅಂಕಿಯಾಗಿ ಕಾಣುತ್ತವೆ. ನೆಲದ ಮೇಲೆ ಮಾತ್ರ ಅವು ಒಂದೇ ಅಲ್ಲ.

ಚೀನಾದ ಹಳದಿ ನದಿ ನೋಡಿ. ಒಂದು ಕಾಲಕ್ಕೆ ವರ್ಷಕ್ಕೆ 160 ಕೋಟಿ ಟನ್ ಮಣ್ಣು ಹೊರುತ್ತಿತ್ತು. ಈಗ ಅದರ ಐದರಲ್ಲಿ ಒಂದು ಪಾಲು, ಕೆಲವು ವರ್ಷ ಅದಕ್ಕಿಂತಲೂ ಕಡಿಮೆ. ಅಲ್ಲಿಯೂ ದೊಡ್ಡ ಡ್ಯಾಮುಗಳಿವೆ. ಆದರೆ ಇಳಿಕೆಯ ಒಂದು ದೊಡ್ಡ ಪಾಲು ಬಂದದ್ದು ಮೇಲಿನ ಮಣ್ಣು ಗುಡ್ಡಗಳಲ್ಲಿ. ಇಳಿಜಾರನ್ನು ಮೆಟ್ಟಿಲು ಹೊಲ ಮಾಡಿದರು. ಕೊರಕಲುಗಳಿಗೆ ಸಣ್ಣ ಒಡ್ಡು ಕಟ್ಟಿದರು. 1999ರಿಂದ ಕಡಿದಾದ ಹೊಲಗಳಲ್ಲಿ ಬಿತ್ತನೆ ಬಿಡಿಸಿ ಗಿಡ, ಹುಲ್ಲು ಬೆಳೆಸಿದರು. ನಿಮ್ಮ ತಂದೆ ಮಾಡಿದ ಕೆಲಸವೇ ಅದು.

ಹೊಲದಿಂದ ಹೋಗುವ ಮಣ್ಣಿನಲ್ಲಿ ಬಹಳಷ್ಟು ಹೋಗಬಾರದಿತ್ತು. ಕಾಡು ಕಡಿದದ್ದಕ್ಕೆ, ಇಳಿಜಾರಿನಲ್ಲಿ ಮೇಲಿಂದ ಕೆಳಗೆ ಗಳೆ ಹೊಡೆದದ್ದಕ್ಕೆ ಹೊರಟ ಮಣ್ಣು ಅದು. 2005ರಲ್ಲಿ ಜಗತ್ತಿನ ನದಿಗಳ ಬಗ್ಗೆ ಬಂದ ಒಂದು ಅಂದಾಜು ಇದನ್ನು ಚೆನ್ನಾಗಿ ಹೇಳುತ್ತದೆ. ಮನುಷ್ಯರಿಂದಾಗಿ ನದಿಗಳಿಗೆ ಬೀಳುವ ಮಣ್ಣು ವರ್ಷಕ್ಕೆ 230 ಕೋಟಿ ಟನ್ ಹೆಚ್ಚಾಗಿದೆ. ಆದರೂ ಕಡಲಿಗೆ ತಲುಪುವುದು 140 ಕೋಟಿ ಟನ್ ಕಡಿಮೆಯಾಗಿದೆ. ಮೇಲೆ ಜಾಸ್ತಿ ಕಳೆದುಕೊಳ್ಳುತ್ತಿದ್ದೇವೆ, ಕೆಳಗೆ ಕಡಿಮೆ ಮುಟ್ಟಿಸುತ್ತಿದ್ದೇವೆ. ಹೊಳೆಸಾಲು ಅವರು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಬೆಟಗೇರಿ ಲೆಕ್ಕ (ಗದಗ)

ಹೊಲದ ಲೆಕ್ಕವನ್ನೂ ಸೇರಿಸುತ್ತೇನೆ. 1983ರಲ್ಲಿ ನಮ್ಮ ದೇಶಕ್ಕೆ ಒಂದು ಅಂದಾಜು ಮಾಡಿದ್ದರು. ವರ್ಷಕ್ಕೆ ಹೆಕ್ಟೇರಿಗೆ 16.35 ಟನ್ ಮಣ್ಣು ಸವೆಯುತ್ತದೆ ಎಂದು. ಎಕರೆಗೆ ಆರೂವರೆ ಟನ್ ಆಯಿತು. ಮೂರು ಟನ್ನಿನ ಟ್ರ್ಯಾಕ್ಟರ್ ಟ್ರೇಲರ್ ಲೆಕ್ಕಕ್ಕೆ ಎರಡು ಟ್ರೇಲರ್. ಯಾರಾದರೂ ರಾತ್ರಿ ಬಂದು ನಮ್ಮ ಹೊಲದಿಂದ ಎರಡು ಟ್ರೇಲರ್ ಮೇಲ್ಮಣ್ಣು ತುಂಬಿಕೊಂಡು ಹೋದರೆ ಊರೇ ಸೇರುತ್ತದೆ. ಮಳೆ ಒಯ್ದರೆ ಯಾರೂ ಕೇಳುವುದಿಲ್ಲ.

ಅದೇ ಅಂದಾಜಿನ ಪ್ರಕಾರ ಸವೆದ ಮಣ್ಣಿನಲ್ಲಿ ಕಡಲಿಗೆ ಹೋಗುವುದು ಶೇ 29, ಜಲಾಶಯಗಳಲ್ಲಿ ಕೂರುವುದು ಶೇ 10. ಉಳಿದ ಶೇ 61 ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾಗ ಬದಲಿಸುತ್ತದೆ ಅಷ್ಟೇ. ಹೊಲದ ಮೂಲೆ, ಹಳ್ಳದ ತಿರುವು, ಕೆರೆಯ ಅಂಗಳ. ಹಾಗಾಗಿ ಒಡ್ಡು ಹಾಕಿದ ಮರುವರ್ಷವೇ ಹೊಳೆಯಲ್ಲಿ ಮಣ್ಣು ಇಳಿಯುವುದಿಲ್ಲ. ಹಳ್ಳಗಳಲ್ಲಿ ಮೊದಲೇ ಕೂತದ್ದು ಎಷ್ಟೋ ವರ್ಷ ಹರಿಯುತ್ತಿರುತ್ತದೆ.

ಟಿಪ್ಪರ್ ಹಳಬ (ರಾಣೆಬೆನ್ನೂರು ತಾಲ್ಲೂಕು)

ನಾನು ಓದಿದವನಲ್ಲ. ಹತ್ತು ವರ್ಷ ಉಸುಕಿನ ಗಾಡಿ ಓಡಿಸಿದ್ದೇನೆ. ಈಗ ಬಿಟ್ಟಿದ್ದೇನೆ. ನೋಡಿದ್ದನ್ನು ಹೇಳುತ್ತೇನೆ.

ಮೊದಲು ಹೊಳೆಯಲ್ಲಿ ಉಸುಕಿನ ದಿನ್ನೆಗಳು ಇರುತ್ತಿದ್ದವು. ಬೇಸಿಗೆಯಲ್ಲಿ ಅಲ್ಲಿ ಮಲಗಿದರೆ ತಂಪು. ಒಂದು ಮೊಳ ಕೆದರಿದರೆ ನೀರು, ಅದೂ ಕುಡಿಯುವ ನೀರು. ಗುತ್ತಿಗೆ ಹಿಡಿದವರು ಮೊದಲು ದಿನ್ನೆ ಎತ್ತಿಸಿದರು. ಆಮೇಲೆ ನೀರಿನೊಳಗಿಂದ ಎತ್ತಿಸಿದರು. ತೆಪ್ಪದ ಮೇಲೆ ಮೋಟಾರು ಇಟ್ಟು ಪೈಪಿನಿಂದ ಎಳೆದರು. ಕೊನೆಗೆ ಕೆಳಗಿನ ಕಲ್ಲು, ಜೇಡಿ ಕಾಣಿಸಿತು. ಮೊದಲ ವರ್ಷಗಳಲ್ಲಿ ನೆರೆ ಬಂದ ಮೇಲೆ ಗುಂಡಿ ತುಂಬುತ್ತಿತ್ತು. ಹೊಳೆ ಕೊಡುತ್ತದೆ, ನಾವು ತೆಗೆಯುತ್ತೇವೆ ಎಂದುಕೊಂಡಿದ್ದೆವು. ಬರಬರುತ್ತಾ ತುಂಬುವುದು ನಿಂತಿತು.

ದಂಡೆ ಕಡಿದಿದೆ ಎಂದು ಹೊಳೆಸಾಲು ಅವರು ಹೇಳಿದ್ದಾರೆ. ತಳ ತೆಗೆದರೆ ದಂಡೆ ಬೀಳುತ್ತದೆ. ಗೋಡೆಯ ಬುಡದ ಕಲ್ಲು ಎಳೆದಂತೆ. ನಾನು ಗಾಡಿ ತುಂಬುತ್ತಿದ್ದ ಜಾಗದ ಎದುರು ಒಬ್ಬರ ತೆಂಗಿನ ಗಿಡಗಳು ಒಂದೇ ಮಳೆಗಾಲದಲ್ಲಿ ನಾಲ್ಕು ಹೊಳೆಗೆ ಬಿದ್ದವು. ಅವರು ನನ್ನನ್ನು ಬೈಯಲಿಲ್ಲ. ಸುಮ್ಮನೆ ನೋಡುತ್ತಾ ನಿಂತಿದ್ದರು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆ ವರ್ಷವೇ ಕೆಲಸ ಬಿಟ್ಟೆ.

ಸಾಧನಕೇರಿ ಸಂಜೆ (ಧಾರವಾಡ)

ನೀವು ಇದನ್ನು ಬರೆದದ್ದಕ್ಕೆ ಮನಸಾರೆ ಧನ್ಯವಾದ. ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಒಂದು ಮಾತು ಸೇರಿಸುತ್ತೇನೆ. ಮಣ್ಣು ಕಳೆದುಕೊಂಡ ನೀರು ಹಸಿದ ನೀರು. ಹೊರುವ ಶಕ್ತಿ ಇದೆ, ಹೊರಲು ಏನೂ ಇಲ್ಲ. ಆಗ ಅದು ತಳವನ್ನೂ ದಂಡೆಯನ್ನೂ ತಿನ್ನುತ್ತದೆ. ಡ್ಯಾಮಿನಿಂದ ಬಿಟ್ಟ ತಿಳಿನೀರು ಹೀಗೆ ಮಾಡುತ್ತದೆ. ಉಸುಕು ತೆಗೆದ ಗುಂಡಿಯಲ್ಲಿ ಮೇಲಿಂದ ಬಂದ ಉಸುಕು ಬಿದ್ದುಬಿಟ್ಟರೆ, ಗುಂಡಿಯ ಕೆಳಗೂ ನೀರು ಹಸಿದೇ ಹೋಗುತ್ತದೆ. ಹಾಗಾಗಿ ಹಾನಿ ಎತ್ತಿದ ಜಾಗದಲ್ಲೇ ನಿಲ್ಲುವುದಿಲ್ಲ. ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಹೋಗುತ್ತದೆ.

ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಉಸುಕು, ಜಲ್ಲಿ ಬಳಸುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಅಂದಾಜು ಮಾಡಿದೆ. ಅದೆಲ್ಲ ಹೊಳೆಯದಲ್ಲ, ಸರಿ. ಆದರೆ ವಿಯೆಟ್ನಾಮಿನ ಮೆಕಾಂಗ್ ಡೆಲ್ಟಾದಲ್ಲಿ ದಂಡೆ ಕುಸಿಯಲು ಮೇಲಿನ ಡ್ಯಾಮುಗಳಷ್ಟೇ ಈ ಉಸುಕು ಎತ್ತುವುದೂ ಕಾರಣ.

ಕಪ್ಪತಗುಡ್ಡದ ಮಗ್ಗುಲು (ಮುಂಡರಗಿ)

ನಮಗೆ ಇದು ಕುಡಿಯುವ ನೀರಿನ ಪ್ರಶ್ನೆ. ಹೊಳೆಯ ಉಸುಕು ಒಂದು ದೊಡ್ಡ ಗಡಿಗೆ ಇದ್ದಂತೆ. ಮಳೆಗಾಲದಲ್ಲಿ ನೀರು ಹೀರಿ ಇಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪ ಬಿಡುತ್ತಿತ್ತು. ದಂಡೆಯ ಊರುಗಳ ಬಾವಿಗಳಿಗೆ ಅದೇ ಆಧಾರ. ಉಸುಕು ಹೋದ ಮೇಲೆ ನೀರು ಬಂದಷ್ಟೇ ಬೇಗ ಹೋಗುತ್ತದೆ. ನಮ್ಮ ದೊಡ್ಡಪ್ಪನ ಬಾವಿ ಹೊಳೆಯಿಂದ ಇನ್ನೂರು ಹೆಜ್ಜೆ. ಮೊದಲು ಯುಗಾದಿಗೂ ತುಂಬಿರುತ್ತಿತ್ತು. ಈಗ ಶಿವರಾತ್ರಿಗೇ ತಳ ಕಾಣುತ್ತದೆ.

ಗುಡ್ಡದ ಮಣ್ಣಿನ ಬಗ್ಗೆಯೂ ಒಂದು ಮಾತು. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಿದರು. ಜನ ಔಷಧಿ ಗಿಡದ ಬಗ್ಗೆ, ಗಾಳಿಯ ಬಗ್ಗೆ ಮಾತಾಡುತ್ತಾರೆ. ಅಲ್ಲಿಯ ಹುಲ್ಲು ಹಿಡಿದಿಟ್ಟಿರುವ ಮಣ್ಣಿನ ಬಗ್ಗೆ ಯಾರೂ ಆಡುವುದಿಲ್ಲ. ಹುಲ್ಲು ಸುಟ್ಟ ವರ್ಷ ನಮ್ಮ ಹಳ್ಳದಲ್ಲಿ ಕೆಂಪು ನೀರು. ಸುಡದ ವರ್ಷ ತಿಳಿನೀರು. ಇದನ್ನು ನಾವು ಕುರಿ ಕಾಯುವಾಗಲೇ ಕಂಡಿದ್ದೇವೆ.

ವಿದ್ಯಾನಗರ ಓದುಗ (ಹುಬ್ಬಳ್ಳಿ)

ನಾನು ಎಂಎಸ್ಸಿ ಓದುತ್ತಿದ್ದೇನೆ, ಸೆಮಿನಾರಿಗೆ ಇದೇ ವಿಷಯ ತೆಗೆದುಕೊಂಡಿದ್ದೆ. ಬೇರೆ ನದಿಗಳದ್ದು ಸ್ವಲ್ಪ ಹೇಳಬಹುದೇ?

ಹೆಸರಾದದ್ದು ನೈಲ್. 1964ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ನೀರು ಹಿಡಿಯಲು ಶುರು ಮಾಡಿತು. ಅದಕ್ಕೆ ಮೊದಲು ವರ್ಷಕ್ಕೆ ಸುಮಾರು 12 ಕೋಟಿ ಟನ್ ಮಣ್ಣು ಬರುತ್ತಿತ್ತು. ಈಗ ಡೆಲ್ಟಾಕ್ಕೆ ಹೆಚ್ಚುಕಡಿಮೆ ಏನೂ ಬರುವುದಿಲ್ಲ. ಸಾವಿರಾರು ವರ್ಷ ನೆರೆಯ ಗೋಡಿನಲ್ಲೇ ಬೆಳೆದ ಈಜಿಪ್ಟಿನ ರೈತ ಈಗ ಗೊಬ್ಬರ ಕೊಳ್ಳುತ್ತಾನೆ. ಹೊಳೆಸಾಲು ಅವರ ಅಜ್ಜಿಯ ಸೌತೆ, ಬದನೆಯ ಮಾತು ಓದಿದಾಗ ನನಗೆ ನೆನಪಾದದ್ದು ಇದೇ.

ಅಮೆರಿಕದ ಮಿಸಿಸಿಪ್ಪಿ ಒಂದು ಕಾಲಕ್ಕೆ 40 ಕೋಟಿ ಟನ್ ತರುತ್ತಿತ್ತು. ಈಗ 15 ಕೋಟಿಯ ಒಳಗೆ. 1950ರ ದಶಕದಲ್ಲಿ ಅದರ ಉಪನದಿ ಮಿಸೌರಿಯ ಮೇಲೆ ಡ್ಯಾಮುಗಳು ಬಂದದ್ದು ಮುಖ್ಯ ಕಾರಣ. ಚೀನಾದ ಯಾಂಗ್ಟ್ಸಿಯಲ್ಲಿ 2003ರಲ್ಲಿ ತ್ರೀ ಗಾರ್ಜಸ್ ಅಣೆಕಟ್ಟು ಶುರುವಾದ ಮೇಲೆ ಇಳಿಕೆ ಇನ್ನೂ ಜೋರಾಯಿತು. 2009ರಲ್ಲಿ ಜಗತ್ತಿನ ಡೆಲ್ಟಾಗಳ ಬಗ್ಗೆ ಬಂದ ಒಂದು ಅಧ್ಯಯನದಲ್ಲಿ ನೈಲ್ ಶೇ 98, ನಮ್ಮ ಕೃಷ್ಣಾ ಶೇ 94 ಇಳಿದಿದೆ ಎಂದಿತ್ತು. ಗೋದಾವರಿ ಶೇ 40. ಕೃಷ್ಣೆಯ ಅಂಕಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾವು ಕುಡಿಯುವ ಮಲಪ್ರಭೆಯ ನೀರೂ ಆ ಕೃಷ್ಣೆಗೇ ಸೇರಿದ್ದು.

ಆದರೆ ಎಲ್ಲ ಕಡೆ ಇಳಿದಿಲ್ಲ. 2022ರಲ್ಲಿ 414 ನದಿಗಳನ್ನು ಉಪಗ್ರಹ ಚಿತ್ರಗಳಿಂದ ನೋಡಿದ್ದರು. ಭೂಮಿಯ ಉತ್ತರ ಭಾಗದ ನದಿಗಳಲ್ಲಿ ಡ್ಯಾಮುಗಳ ಮೊದಲಿನ ಕಾಲಕ್ಕೆ ಹೋಲಿಸಿದರೆ ಶೇ 49 ಇಳಿಕೆ. ದಕ್ಷಿಣದ ಎಷ್ಟೋ ನದಿಗಳಲ್ಲಿ ಏರಿಕೆ. ಅಲ್ಲಿ ಕಾಡು ಕಡಿಯುವುದು, ಗಣಿ ತೋಡುವುದು ಜಾಸ್ತಿ.

ಹೊಳೆಸಾಲು (ಹಾವೇರಿ ತಾಲ್ಲೂಕು)

ಗಣಿ ಅಂದಿದ್ದಕ್ಕೆ ನೆನಪಾಯಿತು. ಭದ್ರಾ ನದಿಯ ತಲೆಯಲ್ಲಿ ಕುದುರೆಮುಖದ ಗಣಿ ಇತ್ತಲ್ಲ. ಆ ಮಣ್ಣೂ ನಮ್ಮ ಹೊಳೆಗೇ ಬರುತ್ತಿತ್ತೇ?

ನೀರಳತೆ ನಿವೃತ್ತ (ಹಾವೇರಿ)

ಬರುತ್ತಿತ್ತು. ಭದ್ರೆಗೆ ಹೂಳು ಬೀಳುವುದೇ ಆ ವಿವಾದದಲ್ಲಿ ಒಂದು ದೊಡ್ಡ ವಿಷಯವಾಗಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆದರೆ ಬಹುಪಾಲು ಲಕ್ಕವಳ್ಳಿಯ ಭದ್ರಾ ಡ್ಯಾಮಿನಲ್ಲೇ ಕೂತಿರುತ್ತದೆ, ನಿಮ್ಮ ಗಳಗನಾಥದವರೆಗೆ ಬಂದದ್ದು ಕಡಿಮೆ. ನಿಮ್ಮಲ್ಲಿಗೆ ಬರುವ ರಾಡಿಯಲ್ಲಿ ವರದೆಯ ಪಾಲು ಎದ್ದು ಕಾಣುತ್ತದೆ. ವರದೆಗೆ ಸಣ್ಣ ಬಾಂದಾರಗಳಿವೆ, ದೊಡ್ಡ ಅಣೆಕಟ್ಟು ಇಲ್ಲ.

ನಾನು ಹೊಳೆಯ ನೀರು ಅಳೆಯುವ ಕೆಲಸದಲ್ಲಿದ್ದವನು. ನಮ್ಮ ಜಿಲ್ಲೆಯಲ್ಲೇ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರಗಳಿವೆ. ವರದೆಗೆ ಮರೋಳ, ತುಂಗಭದ್ರೆಗೆ ಹರಳಹಳ್ಳಿ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಹೂಳು ಅಳೆಯುವುದು ಹೇಗೆ ಎಂದರೆ, ಹೊಳೆಯ ಅಡ್ಡಕ್ಕೆ ಹಲವು ಕಡೆ, ಮೇಲಿನಿಂದ ಹತ್ತರಲ್ಲಿ ಆರು ಪಾಲು ಆಳದಲ್ಲಿ ಬಾಟಲಿ ಇಳಿಸಿ ನೀರು ತುಂಬಿಕೊಳ್ಳುತ್ತಾರೆ. ದಪ್ಪ, ಮಧ್ಯಮ, ಸಣ್ಣ ಎಂದು ಮೂರು ಭಾಗ ಮಾಡುತ್ತಾರೆ. 0.2 ಮಿಲಿಮೀಟರಿಗಿಂತ ದೊಡ್ಡದು ದಪ್ಪ. 0.075ಕ್ಕಿಂತ ಚಿಕ್ಕದು ಸಣ್ಣ. ಒಣಗಿಸಿ ತೂಗಿ, ಲೀಟರಿಗೆ ಎಷ್ಟು ಗ್ರಾಂ ಎಂದು ಬರೆಯುತ್ತಾರೆ. ಅದನ್ನು ಹರಿವಿನ ಅಳತೆಗೆ ಗುಣಿಸಿದರೆ ದಿನದ ಮಣ್ಣು ಸಿಗುತ್ತದೆ.

ಇದರಲ್ಲಿ ಎರಡು ವಿಷಯ ತಿಳಿದಿರಬೇಕು. ವರ್ಷದ ಮಣ್ಣಿನಲ್ಲಿ ಬಹುಪಾಲು ಕೆಲವೇ ನೆರೆ ದಿನಗಳಲ್ಲಿ ಹೋಗುತ್ತದೆ. ಆ ದಿನಗಳಲ್ಲೇ ದೋಣಿ ಇಳಿಸುವುದು ಕಷ್ಟ. ಇನ್ನೊಂದು, ತಳದಲ್ಲಿ ಉರುಳುವ ಉಸುಕು ಬಾಟಲಿಗೆ ಬರುವುದೇ ಇಲ್ಲ. ಟಿಪ್ಪರ್ ಹಳಬ ಅವರು ಹೇಳಿದ ಉಸುಕಿನ ನಷ್ಟ ನಮ್ಮ ಪುಸ್ತಕಗಳಲ್ಲಿ ಪೂರ್ತಿ ಕಾಣುವುದಿಲ್ಲ.

ಎರೆಹೊಲ (ನವಲಗುಂದ)

ಎಲ್ಲರ ಮಾತು ಓದಿ ಸಮಾಧಾನ ಆಯಿತು. ಹಾಗಾದರೆ ದಾರಿ ಏನು? ಡ್ಯಾಮಿನ ಕೆಳಗಿನ ಗೇಟು ತೆಗೆದು ಹೂಳನ್ನು ಮುಂದಕ್ಕೆ ಬಿಡಲು ಬರುವುದಿಲ್ಲವೇ?

ನೀರಳತೆ ನಿವೃತ್ತ (ಹಾವೇರಿ)

ಕೆಲವು ಕಡೆ ಮಾಡುತ್ತಾರೆ. ಚೀನಾದಲ್ಲಿ 1960ರಲ್ಲಿ ಹಳದಿ ನದಿಗೆ ಸಾನ್‌ಮೆನ್ ಕಣಿವೆಯಲ್ಲಿ ಡ್ಯಾಮು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಹೂಳು ತುಂಬಿತು. ಆಮೇಲೆ ತಳದಲ್ಲಿ ದಾರಿ ಮಾಡಿ, ರಾಡಿ ನೀರನ್ನು ಬಿಟ್ಟು ತಿಳಿನೀರನ್ನು ಹಿಡಿಯುವ ಕ್ರಮಕ್ಕೆ ಬಂದರು. ನೆರೆಯ ಮೊದಲ ನೀರಿನಲ್ಲಿ ಮಣ್ಣು ಜಾಸ್ತಿ. ಅದನ್ನು ನಿಲ್ಲಿಸದೆ ಬಿಟ್ಟರೆ ಕೂರುವುದು ಕಡಿಮೆ.

ನಮ್ಮಲ್ಲಿ ಕಷ್ಟ. ಅದಕ್ಕೆ ಜಲಾಶಯವನ್ನು ಮೊದಲು ಬಹಳ ಇಳಿಸಬೇಕು. ಮಳೆ ಕೈಕೊಟ್ಟರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲುವೆಗಳ ಗತಿ ಏನು? 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ರೈತರು ಎಷ್ಟು ಹೆದರಿದ್ದರು ಎಂದು ಎಲ್ಲರೂ ನೋಡಿದ್ದೇವೆ. ಒಂದೊಂದು ಟಿಎಂಸಿಗೂ ಜನರ ಊಟ ಕಟ್ಟಿದೆ. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತಿದೆ. ಅದು ಕಳೆದ ನೀರಿಗೆ ಬದಲಿ ಜಾಗ ಕೊಡಬಹುದು. ಮಣ್ಣನ್ನು ಮುಂದೆ ಕಳಿಸುವುದಿಲ್ಲ.

ನನ್ನ ಅನುಭವದಲ್ಲಿ ನಮ್ಮ ಕೈಲಿ ಆಗುವುದು ಡ್ಯಾಮಿನಿಂದ ಮೇಲಿನ ಕಡೆಯೇ. ಹೊಲದಲ್ಲಿ ಒಡ್ಡು, ಹಳ್ಳದ ದಂಡೆಗೆ ಹುಲ್ಲು, ಬೇಸಿಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು. ಹೊಳೆಯ ತಳದ ಉಸುಕನ್ನು ಬಿಡುವುದು, ಕಟ್ಟಡಕ್ಕೆ ಕಲ್ಲು ಪುಡಿ ಮಾಡಿದ ಉಸುಕು ಬಳಸುವುದು. ಹೊಲದ ಮಣ್ಣು ನಿಂತರೆ ಡ್ಯಾಮಿಗೂ ಒಳ್ಳೆಯದು. ಆದರೆ ಕೃಷ್ಣೆಯ ಬಾಯಿಯವರಿಗೆ ಇದರಿಂದ ಏನೂ ಸಿಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಡೆಲ್ಟಾದ ಮಣ್ಣು ತನ್ನ ಭಾರಕ್ಕೆ ತಾನೇ ಇಳಿಯುತ್ತಿರುತ್ತದೆ. ಮೇಲೆ ಹೊಸ ಪದರ ಬೀಳದಿದ್ದರೆ ಕಡಲು ಬರುವುದೇ. ಅವರ ಪಾಲಿನ ಮಣ್ಣು ಶ್ರೀಶೈಲದ ತಳದಲ್ಲಿದೆ, ಅದಕ್ಕೆ ಉತ್ತರ ನಾನು ಸೇವೆಯಲ್ಲಿದ್ದಷ್ಟು ವರ್ಷವೂ ಯಾರಿಂದಲೂ ಕೇಳಲಿಲ್ಲ.

ಹೊಳೆಸಾಲು ಅವರೇ, ಒಂದು ಕೆಲಸ ಮಾಡಿ. ನಿಮ್ಮ ಜಾಗ ಅಪರೂಪದ್ದು. ಈ ಸಲ ಹೊಸ ನೀರು ಬಂದಾಗ ಕೂಡುವ ಜಾಗದ ಸ್ವಲ್ಪ ಮೇಲೆ ವರದೆಯಿಂದ ಒಂದು ಲೀಟರ್, ತುಂಗಭದ್ರೆಯಿಂದ ಒಂದು ಲೀಟರ್ ತುಂಬಿ. ದಂಡೆಯಿಂದಲೇ ತುಂಬಿ, ನೀರಿಗೆ ಇಳಿಯಬೇಡಿ. ಅಲ್ಲಾಡಿಸದೆ ಇಟ್ಟು ನೋಡಿ.

ಹೊಳೆಸಾಲು (ಹಾವೇರಿ ತಾಲ್ಲೂಕು)

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಹೋದ ವಾರ ಹೊಸ ನೀರು ಬಂತು. ಹೇಳಿದಂತೆ ಎರಡು ಬಾಟಲಿ ತುಂಬಿದೆ. ಬಕೆಟ್ಟಿಗೆ ಹಗ್ಗ ಕಟ್ಟಿ ಎಳೆದುಕೊಂಡೆ, ಇಳಿಯಲಿಲ್ಲ.

ಮೊದಲ ದಿನ ವರದೆಯದ್ದು ಚಹಾದ ಬಣ್ಣ, ತುಂಗಭದ್ರೆಯದ್ದು ಅದಕ್ಕಿಂತ ತೆಳು. ಮರುದಿನ ಬೆಳಗ್ಗೆ ವರದೆಯ ತಳದಲ್ಲಿ ಎಂಟಾಣೆ ನಾಣ್ಯದಷ್ಟು ದಪ್ಪ ಪದರ ಇತ್ತು. ಇನ್ನೊಂದರಲ್ಲಿ ತಳ ಮುಚ್ಚುವಷ್ಟು ಮಾತ್ರ. ಇವತ್ತು ನಾಲ್ಕನೇ ದಿನ. ಮೇಲಿನ ನೀರು ಎರಡರಲ್ಲೂ ಇನ್ನೂ ಮಂಜುಮಂಜಾಗಿದೆ. ಜೇಡಿ ಇಷ್ಟು ನಿಧಾನ ಕೂರುತ್ತದೆ ಎಂದು ಗೊತ್ತಿರಲಿಲ್ಲ. ವರದೆಯ ಪದರವನ್ನು ಬೆಳಕಿಗೆ ಹಿಡಿದರೆ ಕೆಳಗೆ ಉಸುಕು, ಮೇಲೆ ಕೆಂಪು, ತುದಿಯಲ್ಲಿ ಕಪ್ಪು ಗೆರೆ. ಹಾನಗಲ್ಲಿನ ಮೇಲಿನ ಕೆಂಪು ನೆಲವೂ ನಮ್ಮ ಕಡೆಯ ಎರೆಯೂ ಒಂದೇ ಬಾಟಲಿಯಲ್ಲಿ ಕೂತಿವೆ ಎಂದು ನನಗೆ ಅನ್ನಿಸಿತು.

ಆ ಮಣ್ಣನ್ನು ತುಳಸಿಗೆ ಹಾಕುತ್ತೇನೆ ಕೊಡು ಎಂದು ಅವ್ವ ಕೇಳಿದಳು. ಇನ್ನೆರಡು ದಿನ ತಡೆ ಎಂದಿದ್ದೇನೆ. ಒಣಗಿಸಿ, ಗುತ್ತಲದ ಪತ್ತಾರರ ಅಂಗಡಿಯಲ್ಲಿ ಬಂಗಾರ ತೂಗುವ ತಕ್ಕಡಿಯಲ್ಲಿ ತೂಗಬೇಕು. ಅವರು ಒಪ್ಪಿದ್ದಾರೆ. ನೀರಳತೆ ನಿವೃತ್ತ ಅವರೇ, ಒಣಗಿಸುವಾಗ ಬಿಸಿಲಿಗೆ ಇಟ್ಟರೆ ಸಾಕೋ, ಒಲೆಯ ಮೇಲೆ ಬಿಸಿ ಮಾಡಬೇಕೋ?